ಜೆಫಿರ್ ರೈಲಿನ ಮೂತಿ: ನಮ್ಮ ಮನೆ ಗುಂಪಿನಲ್ಲಿ ನಡೆದ ಚರ್ಚೆ

ಪ್ರಕಾಶ ಮಾಮಾ: (ಫಾರ್ವರ್ಡ್ ಆದ ವಿಡಿಯೋ) "1934ರಲ್ಲೇ ಅಮೆರಿಕದ ರೈಲು ಗಂಟೆಗೆ 181 ಕಿ.ಮೀ. ಓಡಿತ್ತು! ಗುಟ್ಟು ಒಂದೇ, ಗಾಳಿ ಸೀಳುವ ಮೂತಿ! ಮೂತಿ ಬದಲಿಸಿದರು, ಮುಳುಗುತ್ತಿದ್ದ ರೈಲು ಕಂಪನಿಗಳು ಉಳಿದವು. ಎಲ್ಲ ಗುಂಪುಗಳಿಗೂ ಕಳಿಸಿ."

ಪ್ರಕಾಶ ಮಾಮಾ: ವಂದೇ ಭಾರತ್ ಮೂತಿ ಯಾಕೆ ಚೂಪಾಗಿದೆ ಅಂತ ಮೊನ್ನೆ ಹುಡುಗರು ಕೇಳುತ್ತಿದ್ದರಲ್ಲ, ಉತ್ತರ ಇಲ್ಲಿದೆ ನೋಡಿ.

ವಿನಯ: ಬಹಳ ಚೆಂದ ಇದೆ ಮಾಮಾ. ತಿಕ್ಕಿ ತೊಳೆದ ಸ್ಟೀಲ್ ಪಾತ್ರೆ ಹಾಗೆ ಹೊಳೆಯುತ್ತಿದೆ.

ರಾಘು ಕಾಕಾ: ಪ್ರಕಾಶರೇ, ರೈಲು ನಿಜ, ವೇಗವೂ ನಿಜ. ಮೂತಿಯ ಮಾತನ್ನು ಮಾತ್ರ ನಾನು ಒಪ್ಪಲ್ಲ. ಅದು ಬರ್ಲಿಂಗ್ಟನ್ ಅನ್ನುವ ರೈಲು ಕಂಪನಿಯ ಜೆಫಿರ್. 1934ರ ಮೇ 26ರಂದು ಬೆಳಗಿನ ಜಾವ ಡೆನ್ವರ್ ಬಿಟ್ಟು ಅದೇ ಸಂಜೆ ಶಿಕಾಗೋ ಮುಟ್ಟಿತು. 1,633 ಕಿ.ಮೀ., 13 ತಾಸು 5 ನಿಮಿಷ, ನಡುವೆ ಎಲ್ಲೂ ನಿಲ್ಲಲಿಲ್ಲ. ಸರಾಸರಿ ಗಂಟೆಗೆ 125 ಕಿ.ಮೀ. ಆಯಿತು, ಆ 181 ದಾರಿಯಲ್ಲಿ ಒಂದು ಕಡೆ ಮುಟ್ಟಿದ ವೇಗ ಅಷ್ಟೇ. ಆ ಒಂದು ದಿನಕ್ಕಾಗಿ ದಾರಿಯುದ್ದಕ್ಕೂ ಬೇರೆ ಗಾಡಿಗಳನ್ನು ಬದಿಗೆ ಹಾಕಿದ್ದರು, ಲೆವೆಲ್ ಕ್ರಾಸಿಂಗ್‌ಗಳಲ್ಲಿ ಕಾವಲಿಗೆ ಜನ ನಿಲ್ಲಿಸಿದ್ದರು. ಇನ್ನೊಂದು ಮಾತು, ಡೆನ್ವರ್ ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿದೆ, ಶಿಕಾಗೋ ಸುಮಾರು 180 ಮೀಟರ್. ಒಟ್ಟಿನಲ್ಲಿ ಇಳಿಜಾರಿನ ಓಟ ಅದು. ಇದನ್ನೆಲ್ಲ ಬಿಟ್ಟು ಮೂತಿ ಮೂತಿ ಅಂದರೆ ಹೇಗೆ?

ಪ್ರಕಾಶ ಮಾಮಾ: ಹಾಗಾದರೆ ಮೂತಿ ಸುಮ್ನೆ ಮಾಡಿದ್ದರಾ ರಾಘಣ್ಣ? ಗಾಳಿ ಸುರಂಗದಲ್ಲಿ ಮಾದರಿ ಇಟ್ಟು ಪರೀಕ್ಷೆ ಮಾಡಿದ್ದರು ಅಂತ ವಿಡಿಯೋದಲ್ಲೇ ಹೇಳುತ್ತಾರೆ.

ವಿನಯ: ಪರೀಕ್ಷೆ ಮಾಡಿದ್ದು ಹೌದು ಮಾಮಾ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಗಂಟೆಗೆ 50ರಲ್ಲಿ ಇದ್ದದ್ದು 150ಕ್ಕೆ ಹೋದರೆ ಒಂಬತ್ತು ಪಟ್ಟು. ಹಾಗಾಗಿ ಆಕಾರಕ್ಕೆ ಅರ್ಥ ಇದೆ, ಆದರೆ ಜೋರಾಗಿ ಓಡುವಾಗ ಮಾತ್ರ. ಅದೂ ಉದ್ದ ರೈಲಿನಲ್ಲಿ ಮೂತಿಯ ಪಾಲು ಕಡಿಮೆ. ಪಕ್ಕದ ಗೋಡೆ, ಡಬ್ಬಿಗಳ ನಡುವಿನ ಸಂದು, ಕೆಳಗಿನ ಗಾಲಿ ಭಾಗ, ಇವೇ ಜಾಸ್ತಿ ಗಾಳಿ ಹಿಡಿಯುತ್ತವೆ.

ಪ್ರಕಾಶ ಮಾಮಾ: ಅರ್ಥ ಇದೆ ಅಂತ ನೀನೇ ಒಪ್ಪಿದೆ, ಮುಗೀತು.

ರಾಘು ಕಾಕಾ: ಮುಗಿದಿಲ್ಲ. ತೂಕ ನೋಡಿ. ಆ ಕಾಲದ ಪುಲ್ಮನ್ ಕಂಪನಿಯ ಮಲಗುವ ಡಬ್ಬಿ ಒಂದೊಂದೂ 80 ಟನ್ ಆಸುಪಾಸು ಇರುತ್ತಿತ್ತು. ಜೆಫಿರ್ ಇಡೀ ರೈಲು, ಇಂಜಿನ್ ಸೇರಿಸಿ ಮೂರು ಡಬ್ಬಿ, ಸುಮಾರು 100 ಟನ್! ಇದು ಹೇಗೆ ಸಾಧ್ಯ ಆಯಿತು ಅನ್ನುವುದೇ ನನಗೆ ಆ ರೈಲಿನ ಅತಿ ದೊಡ್ಡ ವಿಷಯ. ಫಿಲಡೆಲ್ಫಿಯಾದ ಬಡ್ ಕಂಪನಿ ಮೊದಲು ಮೋಟಾರು ಕಾರುಗಳ ಬಾಡಿ ಮಾಡುತ್ತಿತ್ತು. ಅವರು ಸ್ಟೇನ್‌ಲೆಸ್ ಸ್ಟೀಲ್ ತೆಗೆದುಕೊಂಡರು. ತುಕ್ಕು ಹಿಡಿಯಲ್ಲ, ಹಾಗಾಗಿ ತುಕ್ಕಿಗೆ ಅಂತ ದಪ್ಪ ಬಿಡಬೇಕಾಗಿಲ್ಲ, ತೆಳು ಹಾಳೆ ಸಾಕು. ಆದರೆ ವೆಲ್ಡಿಂಗ್ ದೊಡ್ಡ ತಲೆನೋವು. ಮಾಮೂಲಿ ವೆಲ್ಡಿಂಗ್ ಕಾವು ಬಹಳ ಹೊತ್ತು ನಿಂತರೆ ಆ ಜಾಗದಲ್ಲಿ ಸ್ಟೀಲು ತುಕ್ಕು ತಡೆಯುವ ಗುಣ ಕಳೆದುಕೊಳ್ಳುತ್ತದೆ. ಅದಕ್ಕೆ ಅವರು ಜೋರು ಕರೆಂಟನ್ನು ಸೆಕೆಂಡಿನ ಒಂದು ಚೂರು ಹೊತ್ತು ಮಾತ್ರ ಹಾಯಿಸುವ ವಿಧಾನ ಕಂಡುಹಿಡಿದರು. ಶಾಟ್‌ವೆಲ್ಡ್ ಅಂತ ಅದರ ಹೆಸರು. ಕಾವು ಹರಡುವ ಮೊದಲೇ ಕೆಲಸ ಮುಗಿಯುತ್ತದೆ. ಡಬ್ಬಿಯ ಪಕ್ಕದಲ್ಲಿ ಉದ್ದುದ್ದ ಗೆರೆಗಳು ಕಾಣುತ್ತವಲ್ಲ, ನೋಡೋಕೆ ಚೆಂದ ಹೌದು, ಅದರ ಜೊತೆಗೆ ತೆಳು ಹಾಳೆ ಬಾಗದಂತೆ ಬಿಗಿಯನ್ನೂ ಅವೇ ಕೊಡುತ್ತವೆ. ಇದನ್ನು ಯಾವ ವಿಡಿಯೋನೂ ಹೇಳಲ್ಲ, ನನಗೆ ಅದೇ ಬೇಜಾರು.

ಕಾವ್ಯಾ: ಕಾಕಾ, ಈಗ ತಾನೇ ಎದ್ದು ನೋಡಿದೆ. ಆ ರೈಲು ಇಲ್ಲೇ ಶಿಕಾಗೋದ ವಿಜ್ಞಾನ ಮ್ಯೂಸಿಯಂನಲ್ಲಿದೆ. 1960ರಲ್ಲಿ ಓಡಾಟ ನಿಲ್ಲಿಸಿ ಇಲ್ಲಿಗೆ ಕೊಟ್ಟರು. ಒಳಗೆ ಹೋಗಿ ಸೀಟಿನಲ್ಲಿ ಕೂತು ಬರಬಹುದು.

ಸುಮಾ ಅತ್ತೆ: ಅಣ್ಣಾ, ಪ್ರಕಾಶ್ ಅವರ ಮಾತನ್ನು ಪೂರ್ತಿ ತಳ್ಳಿಹಾಕಬೇಡ. ಕಾಲ ಯಾವುದು ನೋಡು. 1929ರ ಷೇರುಪೇಟೆ ಕುಸಿತದ ಮೇಲೆ ಜನರ ಕೈಯಲ್ಲಿ ದುಡ್ಡಿಲ್ಲ, ಇದ್ದವರು ಕಾರು ಹತ್ತಿ ಹೊರಟುಬಿಟ್ಟಿದ್ದರು. ಖಾಲಿ ರೈಲು ಓಡಿಸಿ ಕಂಪನಿಗಳು ಸೋತಿದ್ದವು. ಆಗ ಜನ ತಿರುಗಿ ನೋಡುವಂಥದ್ದು ಏನಾದರೂ ಬೇಕಿತ್ತು. 1934ರ ಫೆಬ್ರುವರಿಯಲ್ಲಿ, ಜೆಫಿರ್‌ಗಿಂತ ಎರಡು ತಿಂಗಳು ಮೊದಲೇ, ಯೂನಿಯನ್ ಪೆಸಿಫಿಕ್ ಕಂಪನಿ ಎಂ-10000 ಅನ್ನುವ ಹಳದಿ-ಕಂದು ಬಣ್ಣದ ರೈಲು ತಂದಿತು. ಅದನ್ನು ಊರೂರಿಗೆ ತಿರುಗಿಸಿದರು, ಅಧ್ಯಕ್ಷ ರೂಸ್‌ವೆಲ್ಟ್ ಕೂಡ ನೋಡಿದರು, ಜನ ಸಾಲುಗಟ್ಟಿ ನಿಂತರು. ಅವರು ವೆಲ್ಡಿಂಗ್ ನೋಡೋಕೆ ಬಂದಿದ್ದರಾ? ಆಕಾರ ನೋಡೋಕೆ ಬಂದಿದ್ದರು.

ಪ್ರಕಾಶ ಮಾಮಾ: ಸರಿಯಾಗಿ ಹೇಳಿದಿರಿ ಸುಮಾ ಅವರೇ.

ವಿನಯ: ಆದರೆ ಅತ್ತೆ, ಚೂಪು ಮೂತಿ 1934ಕ್ಕೆ ಹೊಸದೇನಲ್ಲ. 1900ರಲ್ಲೇ ಬಾಲ್ಟಿಮೋರ್ ಅಂಡ್ ಓಹಾಯೋ ಕಂಪನಿ ಗಾಳಿ ಸೀಳುವ ರೈಲು ಅಂತ ಒಂದನ್ನು ಓಡಿಸಿ ನೋಡಿತ್ತು. 1905ರಿಂದ ಮೆಕ್‌ಕೀನ್ ಅನ್ನುವವರು ಅದೇ ಯೂನಿಯನ್ ಪೆಸಿಫಿಕ್‌ಗೆ ಪೆಟ್ರೋಲ್ ರೈಲುಕಾರು ಮಾಡಿಕೊಟ್ಟರು. ಮೂತಿ ಹಡಗಿನ ಮುಂಭಾಗದಷ್ಟು ಚೂಪು, ಕಿಟಕಿಗಳು ದುಂಡಗೆ. ಇಂಜಿನ್ನು ಗೇರು ಎರಡೂ ಕೈಕೊಡುತ್ತಿದ್ದವು. ಅಂಥ ಚೂಪು ಮೂತಿ ಇದ್ದೂ ಅವು ಬಹಳ ಕಾಲ ಬಾಳಲಿಲ್ಲ.

ರಾಘು ಕಾಕಾ: ಶಭಾಷ್ ತಮ್ಮಾ. ನನ್ನ ಮಾತೂ ಅದೇ. ಮೂವತ್ತು ವರ್ಷ ಮೂತಿ ಇತ್ತು, ಇಂಜಿನ್ ಇರಲಿಲ್ಲ. ಇಂಜಿನ್ ಬಂದ ಕಥೆ ಕೇಳಿ. 1933ರಲ್ಲಿ ಶಿಕಾಗೋದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಿತ್ತು. ಅಲ್ಲಿ ಜನರಲ್ ಮೋಟರ್ಸ್‌ನವರ ಕಟ್ಟಡಕ್ಕೆ ಕರೆಂಟು ಕೊಡುತ್ತಿದ್ದದ್ದು ಎರಡು ಹೊಸ ವಿಂಟನ್ ಡೀಸೆಲ್ ಇಂಜಿನ್‌ಗಳು, ಟೂ-ಸ್ಟ್ರೋಕ್. ಪ್ರತಿ ರಾತ್ರಿ ಕೂತು ರಿಪೇರಿ ಮಾಡಬೇಕಾಗುತ್ತಿತ್ತಂತೆ. ಬರ್ಲಿಂಗ್ಟನ್ ಕಂಪನಿಯ ಅಧ್ಯಕ್ಷ ರಾಲ್ಫ್ ಬಡ್ (ಹೆಸರು ಒಂದೇ, ಆ ಬಡ್ ಕಂಪನಿ ಬೇರೆ) ಅದನ್ನು ನೋಡಿ ನಮ್ಮ ರೈಲಿಗೆ ಇದೇ ಬೇಕು ಅಂದರು. ಎಂಟು ಸಿಲಿಂಡರು, 600 ಹಾರ್ಸ್ ಪವರ್, ಹೆಸರು 201-ಎ. ಎಂ-10000 ರೈಲಿಗೆ ಡೀಸೆಲ್ ಸಿಕ್ಕಿರಲಿಲ್ಲ, ಅದು ಸ್ಪಾರ್ಕ್ ಪ್ಲಗ್ ಇಂಜಿನ್ನಿನಲ್ಲೇ ಓಡಿತು. ಮೊದಲು ಬಂದದ್ದು ಅದೇ ಇರಬಹುದು, ಮುಂದಿನ ದಾರಿ ತೋರಿಸಿದ್ದು ಜೆಫಿರ್. ಡೆನ್ವರ್‌ನಿಂದ ಶಿಕಾಗೋಗೆ ಅವತ್ತಿನ ದರದಲ್ಲಿ ಎಣ್ಣೆ ಖರ್ಚು 15 ಡಾಲರಿಗೂ ಕಡಿಮೆ. ರೈಲು ಕಂಪನಿಯವರ ಕಣ್ಣು ಅರಳಿದ್ದು ಈ ಲೆಕ್ಕ ನೋಡಿ.

ರಾಘು ಕಾಕಾ: ಇನ್ನೂ ಹೇಳುತ್ತೇನೆ. ಆ 201-ಎ ಆದಮೇಲೆ 567 ಬಂತು, ಆಮೇಲೆ 645, ಆಮೇಲೆ 710. ಒಂದೊಂದು ಸಿಲಿಂಡರಿನ ಅಳತೆ ಎಷ್ಟು ಘನ ಇಂಚು ಅನ್ನುವುದೇ ಈ ಅಂಕಿ. ನಮ್ಮ ಹುಬ್ಬಳ್ಳಿ ಶೆಡ್ಡಿಗೆ ಬಂದ ಇ.ಎಂ.ಡಿ. (ಜನರಲ್ ಮೋಟರ್ಸ್ ಕಂಪನಿಯ ಆಗಿನ ರೈಲು ಇಂಜಿನ್ ವಿಭಾಗ) ಇಂಜಿನ್‌ಗಳಲ್ಲಿ ಇರುವುದು ಆ 710, ಹದಿನಾರು ಸಿಲಿಂಡರು, ಟೂ-ಸ್ಟ್ರೋಕ್. ನಾನು ಪವರ್ ಅಸೆಂಬ್ಲಿ (ಸಿಲಿಂಡರು, ಪಿಸ್ಟನ್ ಸೇರಿದ ಭಾಗ) ಬಿಚ್ಚಿ ಜೋಡಿಸಿದ ಇಂಜಿನ್ನು ಜೆಫಿರ್ ಇಂಜಿನ್ನಿನ ನೇರ ವಂಶ. ಮೂತಿ ನೋಡಿದರೆ ಅದು ಇಟ್ಟಿಗೆ! ಆದರೂ ಐವತ್ತು-ಅರವತ್ತು ವ್ಯಾಗನ್ ಎಳೆದುಕೊಂಡು ಹೋಗುತ್ತದೆ.

ವಿನಯ: ಕಾಕಾ ಇದು ನನಗೆ ಗೊತ್ತೇ ಇರಲಿಲ್ಲ, ಮೈ ಜುಮ್ಮೆಂದಿತು.

ಪ್ರಕಾಶ ಮಾಮಾ: ರಾಘಣ್ಣ, ನಿಮ್ಮ ಶೆಡ್ಡಿನ ಅನುಭವಕ್ಕೆ ಕೈ ಮುಗಿಯುತ್ತೇನೆ. ಆದರೆ ನಾನು ಹೇಳುತ್ತಿರುವುದು ಪ್ಯಾಸೆಂಜರ್ ರೈಲಿನ ವಿಷಯ. ಡೀಸೆಲ್ಲೇ ಎಲ್ಲ ಅಂದರೆ 1935ರ ಹಯವಾತಾ ಹೇಗೆ ಓಡಿತು? ಈಗ ಹುಡುಕಿ ಓದಿದೆ. ಮಿಲ್ವಾಕಿ ರೋಡ್ ಕಂಪನಿಯದ್ದು, ಉಗಿ ಇಂಜಿನ್ನು, ಮೇಲೆ ಗಾಳಿ ಜಾರುವ ಕವಚ. ಗಂಟೆಗೆ 160 ದಾಟುತ್ತಿತ್ತು, ದಿನಾ. ಒಂದು ದಿನದ ಸರ್ಕಸ್ ಅಲ್ಲ.

ರಾಘು ಕಾಕಾ: ಒಳ್ಳೇ ಪ್ರಶ್ನೆ. ಹಯವಾತಾ ಇಂಜಿನ್ನಿನ ದೊಡ್ಡ ಗಾಲಿ ಏಳು ಅಡಿ ಎತ್ತರ, ವೇಗಕ್ಕೆ ಅಂತಲೇ ಹೊಸದಾಗಿ ಕಟ್ಟಿಸಿದ್ದು. ನನಗೆ ಆ ಇಂಜಿನ್ ಬಗ್ಗೆ ಬಹಳ ಗೌರವ ಇದೆ. ಆದರೆ ಅದೇ ದಾರಿಯ ಪೂರ್ತಿ ಕಥೆ ಓದಿ. ಶಿಕಾಗೋದಿಂದ ಸೇಂಟ್ ಪಾಲ್‌ಗೆ ಮೂರು ಕಂಪನಿಗಳ ಪೈಪೋಟಿ, ಮೂರಕ್ಕೂ ಬೇರೆ ಬೇರೆ ಹಳಿ, ದೂರ ಮಾತ್ರ ಸುಮಾರು 400 ಮೈಲಿ. ಮೊದಲು ಹತ್ತು ತಾಸಿನ ಆಸುಪಾಸು ಹಿಡಿಯುತ್ತಿತ್ತು. ಬರ್ಲಿಂಗ್ಟನ್‌ನವರು ಏಪ್ರಿಲ್ 1935ರಲ್ಲಿ ಅವಳಿ ಜೆಫಿರ್ ಅಂತ ಒಂದೇ ಥರದ ಎರಡು ರೈಲು ಬಿಟ್ಟರು. ಮಿಲ್ವಾಕಿಯವರು ಮೇನಲ್ಲಿ ಹಯವಾತಾ ಬಿಟ್ಟರು, ಆರೂವರೆ ತಾಸು. ಆದರೆ ಈ ಇಬ್ಬರಿಗಿಂತ ಮೊದಲು, ಜನವರಿ 2ರಂದೇ, ಶಿಕಾಗೋ ಅಂಡ್ ನಾರ್ತ್ ವೆಸ್ಟರ್ನ್ ಕಂಪನಿಯವರು ಒಂದು ರೈಲು ಬಿಟ್ಟಿದ್ದರು. ಅದರ ಹೆಸರು 400. ನಾನೂರು ಮೈಲಿ, ನಾನೂರು ನಿಮಿಷ ಅಂತ. ಅದರ ಇಂಜಿನ್ ಯಾವುದು? ಹಳೇ ಉಗಿ ಇಂಜಿನ್ನೇ, ವರ್ಕ್‌ಶಾಪ್‌ನಲ್ಲಿ ದುರಸ್ತಿ ಮಾಡಿ ವೇಗಕ್ಕೆ ಹದಗೊಳಿಸಿದ್ದು. ಡಬ್ಬಿಗಳೂ ಹಳೇ ಭಾರದ ಡಬ್ಬಿಗಳೇ. ಕವಚ ಇಲ್ಲ, ಚೂಪು ಇಲ್ಲ, ಹೊಳಪು ಇಲ್ಲ. ಕೆಲವೇ ತಿಂಗಳಲ್ಲಿ ಅದೂ ಆರೂವರೆ ತಾಸಿಗೆ ಬಂತು! ಮೂತಿಯೇ ಗುಟ್ಟಾಗಿದ್ದರೆ ಇದು ಹೇಗೆ ಪ್ರಕಾಶರೇ?

ಕಾವ್ಯಾ: ಅಂದರೆ ಹಳೇ ರೈಲುಗಳಿಗೂ ವೇಗ ಸಾಧ್ಯ ಇತ್ತು, ಓಡಿಸುತ್ತಿರಲಿಲ್ಲ ಅಷ್ಟೇನಾ?

ರಾಘು ಕಾಕಾ: ಅದೇ ಮಗಳೇ. ಹಳಿ ಗಟ್ಟಿ ಮಾಡಿದರು, ತಿರುವು ಸರಿಪಡಿಸಿದರು, ನಿಲ್ದಾಣ ಕಡಿಮೆ ಮಾಡಿದರು, ವೇಳಾಪಟ್ಟಿ ಬಿಗಿ ಮಾಡಿದರು. ಪೈಪೋಟಿ ಬಂದಮೇಲೆ ಇದೆಲ್ಲ ಬಂತು. ಇನ್ನು ಉಗಿ ಇಂಜಿನ್ನಿನ ಮೇಲಿನ ಕವಚದ ಬಗ್ಗೆ ನನ್ನನ್ನು ಕೇಳಬೇಡಿ, ಸಿಟ್ಟು ಬರುತ್ತದೆ. ಕೆಳಗೆ ಗ್ರೀಸ್ ಹಾಕುವವನು ಪ್ರತಿ ಸಲ ತಗಡು ಎತ್ತಬೇಕು, ಬಿಸಿ ಒಳಗೇ ಉಳಿಯುತ್ತದೆ, ಬೇರಿಂಗ್ ಮುಟ್ಟಿ ನೋಡೋಕೆ ಆಗಲ್ಲ. ಎರಡನೇ ಮಹಾಯುದ್ಧ ಬಂದಾಗ ಎಷ್ಟೋ ಕಂಪನಿಗಳು ಆ ತಗಡು ಬಿಚ್ಚಿ ಎಸೆದವು, ರಿಪೇರಿ ಬೇಗ ಆಗಲಿ ಅಂತ.

ಸುಮಾ ಅತ್ತೆ: ಅಣ್ಣಾ, ನೀನು ಶೆಡ್ಡಿನ ಒಳಗಿಂದ ನೋಡುತ್ತಿದ್ದೀ. ಪ್ಲಾಟ್‌ಫಾರ್ಮಿನ ಮೇಲೆ ನಿಂತವರ ಕಣ್ಣಿಂದಲೂ ನೋಡು. 1938ರಲ್ಲಿ ನ್ಯೂಯಾರ್ಕ್-ಶಿಕಾಗೋ ನಡುವೆ ಒಂದೇ ದಿನ ಎರಡು ರೈಲು ಹೊಸ ರೂಪದಲ್ಲಿ ಶುರುವಾದವು. ಒಂದಕ್ಕೆ ಹೆನ್ರಿ ಡ್ರೈಫಸ್ ವಿನ್ಯಾಸ, ಇನ್ನೊಂದಕ್ಕೆ ರೇಮಂಡ್ ಲೋವಿ. ಕಷ್ಟದ ಕಾಲದಲ್ಲಿ ನಾಳೆ ಚೆನ್ನಾಗಿರುತ್ತದೆ ಅಂತ ಅನ್ನಿಸೋಕೆ ಅಂಥ ಚೆಂದವೂ ಬೇಕು. ಮತ್ತೆ ಆ ಚೆಂದದ ಡಬ್ಬಿಗಳಲ್ಲಿ ಹಾಸಿಗೆ ಹಾಸಿ ಶೂ ಒರೆಸುತ್ತಿದ್ದ ಕಪ್ಪು ಜನರ ಪೋರ್ಟರ್‌ಗಳನ್ನೂ ಮರೆಯಬೇಡಿ. 1925ರಲ್ಲಿ ಸಂಘ ಕಟ್ಟಿದರು, ರ‍್ಯಾಂಡಾಲ್ಫ್ ಅನ್ನುವವರ ಮುಂದಾಳತ್ವದಲ್ಲಿ. ಪುಲ್ಮನ್ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿದ್ದು 1937ರಲ್ಲಿ. ಹನ್ನೆರಡು ವರ್ಷ ಹೋರಾಡಬೇಕಾಯಿತು.

ರಾಘು ಕಾಕಾ: ಇದು ಒಪ್ಪುತ್ತೇನೆ ಸುಮಾ, ಎರಡೂ ಮಾತು. ಆಕಾರ ಜನರನ್ನು ಕರೆತಂದಿತು. ವೇಗ ತಂದದ್ದು ಆಕಾರ ಅನ್ನಬೇಡಿ ಅಂತ ಮಾತ್ರ ನಾನು ಹೇಳುವುದು.

ಪ್ರಕಾಶ ಮಾಮಾ: ಜನ ಬಂದದ್ದರಿಂದ ತಾನೇ ಕಂಪನಿ ಉಳಿದದ್ದು? ವಿಡಿಯೋದ ಅರ್ಧ ಮಾತು ನಿಜ ಆಯಿತು.

ವಿನಯ: ಅಲ್ಲೂ ಒಂದು ತೊಡಕಿದೆ ಮಾಮಾ. ಜೆಫಿರ್ ಡಬ್ಬಿಗಳು ಒಂದಕ್ಕೊಂದು ಕಾಯಂ ಅಂಟಿಕೊಂಡಿದ್ದವು. ಎರಡು ಡಬ್ಬಿಗಳ ನಡುವೆ ಒಂದೇ ಗಾಲಿ ಚೌಕಟ್ಟು. ಮೂರು ಡಬ್ಬಿಗೆ ನಾಲ್ಕೇ ಚೌಕಟ್ಟು, ತೂಕ ಉಳಿಯಿತು. ಆದರೆ ಮೊದಲ ಜೆಫಿರ್‌ನಲ್ಲಿ ಸೀಟು 72 ಮಾತ್ರ. ಜನ ಜಾಸ್ತಿ ಬಂದರೆ ಇನ್ನೊಂದು ಡಬ್ಬಿ ಸೇರಿಸುವ ಹಾಗಿಲ್ಲ. ಅವಳಿ ಜೆಫಿರ್‌ಗೆ ಜನ ಮುಗಿಬಿದ್ದರು, 1936ರ ಕೊನೆಗೆ ಪೂರ್ತಿ ಹೊಸ, ಉದ್ದದ ರೈಲುಗಳನ್ನೇ ತರಿಸಬೇಕಾಯಿತು. ಹಯವಾತಾದವರು ಸುಮ್ನೆ ಡಬ್ಬಿ ಸೇರಿಸುತ್ತಾ ಹೋದರು. ಇನ್ನು ಎಂ-10000 ಅಲ್ಯೂಮಿನಿಯಂ ರೈಲು, 1942ರಲ್ಲಿ ಯುದ್ಧದ ಲೋಹಕ್ಕಾಗಿ ಗುಜರಿಗೆ ಹೋಯಿತು.

ಕಾವ್ಯಾ: ನಾನು ಒಂದು ಹೇಳಲಾ? ಈಗ ಶಿಕಾಗೋದಿಂದ ಸೇಂಟ್ ಪಾಲ್‌ಗೆ ಆಮ್‌ಟ್ರಾಕ್ ಅನ್ನುವ ರೈಲು ಕಂಪನಿಯ ಬೋರಿಯಾಲಿಸ್ ಅನ್ನುವ ರೈಲಿದೆ, 2024ರಲ್ಲಿ ಶುರುವಾಯಿತು. ಏಳು ತಾಸಿನ ಮೇಲೆ ಹಿಡಿಯುತ್ತದೆ. 1935ಕ್ಕಿಂತ ನಿಧಾನ! ಕಾರಣ ಶಿಕಾಗೋ ಹತ್ತಿರ ನಾನಿರುವ ನೇಪರ್‌ವಿಲ್ ಊರಿಗೇ ಬಂದು ನಿಲ್ಲುತ್ತದೆ. 1946ರ ಏಪ್ರಿಲ್ 25ರಂದು ಇಲ್ಲಿ ನಿಂತಿದ್ದ ರೈಲಿಗೆ ಹಿಂದಿನಿಂದ ಇನ್ನೊಂದು ಬಂದು ಗುದ್ದಿತು. ಎರಡೂ ಬರ್ಲಿಂಗ್ಟನ್‌ನವೇ. 40ಕ್ಕೂ ಹೆಚ್ಚು ಜನ ಸತ್ತರು. ಮುಂದಿನ ವರ್ಷ ಸರ್ಕಾರ ಆದೇಶ ಮಾಡಿತು: ಗಂಟೆಗೆ 80 ಮೈಲಿ ಅಥವಾ ಅದಕ್ಕಿಂತ ಜಾಸ್ತಿ ಓಡಿಸಬೇಕಾದರೆ ಇಂಜಿನ್ ಒಳಗೇ ಸಿಗ್ನಲ್ ತೋರಿಸುವ ಅಥವಾ ತಾನಾಗಿ ರೈಲು ನಿಲ್ಲಿಸುವ ವ್ಯವಸ್ಥೆ ಇರಬೇಕು. ಅಷ್ಟು ಖರ್ಚು ಮಾಡುವ ಬದಲು ಬಹಳ ಕಡೆ ಕಂಪನಿಗಳು 79 ಮೈಲಿಗೆ ನಿಂತುಬಿಟ್ಟವು. ಅಂದರೆ 127 ಕಿ.ಮೀ. ಈಗಲೂ ಹೆಚ್ಚಿನ ಹಳಿಗಳಲ್ಲಿ ಅಷ್ಟೇ.

ರಾಘು ಕಾಕಾ: ನೋಡಿ, ಇದೇ ಇದೇ. ಮೂತಿ ಎಷ್ಟು ಚೂಪಿದ್ದರೂ ಸಿಗ್ನಲ್ ಇಲ್ಲದೆ ವೇಗ ಇಲ್ಲ. ಧಾರವಾಡದಿಂದ ಬೆಂಗಳೂರಿಗೆ ಹೋಗುವ ವಂದೇ ಭಾರತ್‌ಗೂ ಇದೇ ಮಾತು. ರೈಲು 160ಕ್ಕೆ ತಯಾರಿದೆ, ಹಳಿ ಮತ್ತು ಸಿಗ್ನಲ್ ಎಷ್ಟು ಬಿಡುತ್ತವೋ ಅಷ್ಟೇ ಓಡುವುದು. ಮೂತಿಯ ಫೋಟೋ ಹಾಕಿ ಹೆಮ್ಮೆ ಪಡಿ, ಬೇಡ ಅನ್ನಲ್ಲ. ಹಳಿಗೆ ದುಡ್ಡು ಹಾಕಿ ಅಂತಲೂ ಅಷ್ಟೇ ಜೋರಾಗಿ ಕೇಳಬೇಕು.

ಪ್ರಕಾಶ ಮಾಮಾ: ಕೇಳಬೇಕು ಸರಿ. ಆದರೆ ರಾಘಣ್ಣ, ಚೂಪು ಮೂತಿ ಇಲ್ಲದಿದ್ದರೆ ಈ ಗುಂಪಿನಲ್ಲಿ ಇವತ್ತು ಯಾರೂ ರೈಲಿನ ಮಾತೇ ಎತ್ತುತ್ತಿರಲಿಲ್ಲ. ನಾನು ಅದನ್ನು ಬಿಟ್ಟುಕೊಡಲ್ಲ.

ರಾಘು ಕಾಕಾ: ಬಿಟ್ಟುಕೊಡಬೇಡಿ. ಎಲ್ಲ ಗುಂಪಿಗೂ ಕಳಿಸುವುದಾದರೆ ಆ "ಗುಟ್ಟು ಒಂದೇ" ಅನ್ನುವ ಸಾಲು ತೆಗೆದು ಕಳಿಸಿ, ಅಷ್ಟು ಸಾಕು. ಕಾವ್ಯಾ, ಮ್ಯೂಸಿಯಂಗೆ ಹೋದರೆ ಮುಂಭಾಗದ ಫೋಟೋ ಬೇಡ, ಅದು ಎಲ್ಲ ಕಡೆ ಸಿಗುತ್ತದೆ. ಎರಡು ಡಬ್ಬಿ ಸೇರುವಲ್ಲಿ ಬಗ್ಗಿ, ಆ ಒಂದೇ ಗಾಲಿ ಚೌಕಟ್ಟು ಹೇಗೆ ಕೂರಿಸಿದ್ದಾರೆ ಅಂತ ಹತ್ತಿರದಿಂದ ತೆಗೆದು ಕಳಿಸು.

ಕಾವ್ಯಾ: ಶನಿವಾರ ಹೋಗುತ್ತೇನೆ ಕಾಕಾ. ಪಕ್ಕದ ವೆಲ್ಡಿಂಗ್ ಚುಕ್ಕೆಗಳೂ ಬೇಕಾ?

ರಾಘು ಕಾಕಾ: ಬೇಕು, ಬೇಕು. ಅವು ಸಾಲಾಗಿ ಕಾಣುವ ಹಾಗೆ ಓರೆಯಾಗಿ ಬೆಳಕು ಬೀಳುವ ಕಡೆಯಿಂದ ತೆಗಿ.