ಎಂಜಿನ್ ಕಟ್ಟುವ ಸ್ವತಂತ್ರ ಗ್ಯಾರೇಜುಗಳು ಏಕೆ ಉಳಿಯುತ್ತಿಲ್ಲ?

ಪ್ರಶ್ನೆ (ಮೈಸೂರು): ನಮ್ಮೂರಿನ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಅಲ್ಲಿ ತಯಾರಾದ ಯೆಜ್ಡಿ ಬೈಕುಗಳ ಎಂಜಿನ್‌ಗಳನ್ನು ಬಿಚ್ಚಿ, ಬೋರ್ ಮಾಡಿಸಿ (ಸಿಲಿಂಡರಿನ ಒಳಭಾಗವನ್ನು ಅಳತೆಗೆ ಕೊರೆಸಿ), ವೇಗಕ್ಕೆ ತಕ್ಕಂತೆ ಹದಗೊಳಿಸುವ ಕುಶಲಿಗಳು ಇಲ್ಲಿದ್ದಾರೆ. ಆದರೂ ಅಂಥ ಗ್ಯಾರೇಜುಗಳು ಬಾಗಿಲು ಹಾಕುವುದೇಕೆ?

ಉತ್ತರ (ಮಂಡ್ಯ): ಸರ್, ಕೆಲಸ ಬರುವುದಕ್ಕೂ ಹಣ ಕೈಸೇರುವುದಕ್ಕೂ ನಡುವಿನ ಅಂತರವೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಬಿಚ್ಚಿದ ಎಂಜಿನ್ ಪಿಸ್ಟನ್ನಿಗಾಗಿಯೋ, ಲೇತ್ ಅಂಗಡಿಯ ಸರದಿಗಾಗಿಯೋ ವಾರಗಟ್ಟಲೆ ಕಾಯುತ್ತದೆ, ಬಾಡಿಗೆ ಕಾಯುವುದಿಲ್ಲ. ಬೋರಿನ ಅಳತೆ ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗಗಳಷ್ಟು ಕಡಿಮೆಯಾದರೂ ಪಿಸ್ಟನ್ ಅದರೊಳಗೆ ಸಿಕ್ಕಿಕೊಳ್ಳಬಹುದು, ಹಾಗಾದರೆ ಇಡೀ ಕೆಲಸವನ್ನು ಸ್ವಂತ ಖರ್ಚಿನಲ್ಲಿ ಮತ್ತೆ ಮಾಡಿಕೊಡಬೇಕಾಗುತ್ತದೆ.

ಉತ್ತರ (ಮೈಸೂರು): ಕಾನೂನನ್ನೂ ಗಮನಿಸಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಎಂಬ ಹೊಗೆ ಮಾಲಿನ್ಯದ ಮಾನದಂಡ ಕಡ್ಡಾಯವಾದ ಮೇಲೆ ಬಂದ ಹೆಚ್ಚಿನ ಬೈಕುಗಳಲ್ಲಿ ಇಂಧನವನ್ನು ಇಸಿಯು (ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ) ನಿಯಂತ್ರಿಸುತ್ತದೆ. ಕಾರ್ಬ್ಯುರೇಟರ್ ಜೆಟ್ (ಇಂಧನ ಹರಿಯುವ ಸಣ್ಣ ರಂಧ್ರದ ಬಿಡಿಭಾಗ) ಬದಲಿಸುವ ಅನುಭವವೊಂದೇ ಅಲ್ಲಿ ಸಾಲದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡನ್ನು ನಿರ್ಬಂಧಿಸುವುದರಿಂದ ರಸ್ತೆಯಲ್ಲಿ ಬೈಕ್ ಓಡಿಸುವ ಗಿರಾಕಿಗಳೂ ಹಿಂಜರಿಯುತ್ತಾರೆ.

ಉತ್ತರ (ಮಂಡ್ಯ): ಬಿಡಿಭಾಗಕ್ಕೆ ಚೌಕಾಸಿ ಮಾಡದ ನಾವು ಮಜೂರಿಗೆ ಮಾಡುತ್ತೇವೆ, ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಬಿಚ್ಚುವ ಮೊದಲೇ ಅರ್ಧ ಮುಂಗಡ ಕೊಡುವುದನ್ನು ಗಿರಾಕಿಗಳಾದ ನಾವೇ ರೂಢಿ ಮಾಡಿಕೊಳ್ಳಬೇಕು.