ಕಳೆದುಹೋದ ಚಿತ್ರ ಹುಡುಕುವ ಪ್ರೇಮ ಕಾದಂಬರಿ: ಬರೆದವರು, ಓದಿದವರು ಸ್ವಲ್ಪ ಹೇಳ್ತೀರಾ?

ಕೇಳಿದವರು:
ಒಂದು ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು ಪ್ಯಾರಿಸ್‌ನಲ್ಲಿ. 1941ರಲ್ಲಿ ನಾಜಿಗಳು ಒಂದು ಯಹೂದಿ ಮನೆಯಿಂದ ಹೊತ್ತೊಯ್ದ ಚಿತ್ರವನ್ನು ಆ ಮನೆಯ ಮೊಮ್ಮಗ ಹುಡುಕುತ್ತಿದ್ದಾನೆ. ಅವನಿಗೆ ನೆರವಾಗುವವಳು ಮ್ಯೂಸಿಯಂನಲ್ಲಿ ಹಳೆಯ ಚಿತ್ರಗಳನ್ನು ಸರಿಪಡಿಸುವ ಹುಡುಗಿ. ಅರ್ಧ ಮುಗಿದಿದೆ. ತೊಂದರೆ ಏನಂದ್ರೆ, ಪ್ರೀತಿ ಬಂದಾಗ ಹುಡುಕಾಟ ನಿಂತುಬಿಡುತ್ತದೆ. ಹುಡುಕಾಟ ಶುರುವಾದರೆ ಇಬ್ಬರೂ ಪೊಲೀಸರ ಥರ ಮಾತಾಡುತ್ತಾರೆ. ಏನು ಮಾಡಲಿ?

ವಾರಪತ್ರಿಕೆಗೆ ಪತ್ತೇದಾರಿ ಧಾರಾವಾಹಿ ಬರೆದವರು:
ಚಿತ್ರ ಸಿಕ್ಕರೆ ನಿಮ್ಮ ಹುಡುಗಿಗೆ ಏನು ನಷ್ಟ? ಏನೂ ಇಲ್ಲ ಅಂತಾದರೆ ಅವಳು ಸುಮ್ನೆ ಜೊತೆಗಾತಿ, ಅಷ್ಟೇ. ಆ ಚಿತ್ರ ಅವಳ ಮ್ಯೂಸಿಯಂನ ಗೋಡೆಯ ಮೇಲೇ ಇರಲಿ.

ಇದು ಕಟ್ಟುಕಥೆಯೇನಲ್ಲ. ಯುದ್ಧ ಮುಗಿದ ಮೇಲೆ ಜರ್ಮನಿಯಿಂದ ಫ್ರಾನ್ಸಿಗೆ ಸುಮಾರು 60,000 ಕಲಾಕೃತಿಗಳು ವಾಪಸ್ ಬಂದವು. ಹೆಚ್ಚಿನವು ಮನೆಯವರಿಗೆ ಸೇರಿದವು. ಯಾರದ್ದೆಂದು ತಿಳಿಯದ ಸುಮಾರು 2,000 ಕೃತಿಗಳನ್ನು ಅಲ್ಲಿನ ಮ್ಯೂಸಿಯಂಗಳಲ್ಲಿ ಇಟ್ಟರು. ಅವುಗಳ ಚೀಟಿಯ ಮೇಲೆ 'ಎಂಎನ್ಆರ್' ಎಂಬ ಗುರುತು ಇರುತ್ತದೆ. ಮ್ಯೂಸಿಯಂ ಬರೀ ಕಾವಲುಗಾರ, ಒಡೆಯ ಅಲ್ಲ.

ಅರ್ಧ ಕಥೆಗೆ ಬರುವಾಗ ಅವಳಿಗೆ ಇದು ಗೊತ್ತಾಗಲಿ. ಅವನಿಗೆ ಹೇಳದೆ ಸ್ವಲ್ಪ ದಿನ ತಳ್ಳಲಿ. ಆಮೇಲೆ ಇಬ್ಬರೂ ಕೂತು ಕಾಫಿ ಕುಡಿದರೂ ಓದುವವರಿಗೆ ಎದೆ ಢವಢವ. ನನ್ನ ಧಾರಾವಾಹಿಯಲ್ಲಿ ನಾಯಕಿ ಒಂದು ಕಾಗದ ಬಚ್ಚಿಟ್ಟಿದ್ದಳು. ಓದುಗರ ಪತ್ರಗಳೆಲ್ಲ 'ಯಾವಾಗ ಹೇಳ್ತಾಳೆ' ಅಂತಲೇ ಬಂದವು. ಕಳ್ಳ ಯಾರು ಅಂತ ಕೇಳಿದವರು ಕಡಿಮೆ.

ಚಿತ್ರ ಸಂರಕ್ಷಣೆಯ ಕೆಲಸದಲ್ಲಿರುವವರು:
ಕಾದಂಬರಿಗಳಲ್ಲಿ ಎಲ್ಲರೂ ಚಿತ್ರದ ಮುಖ ನೋಡಿ ಬೆರಗಾಗುತ್ತಾರೆ. ನಾವು ಮೊದಲು ತಿರುಗಿಸಿ ಬೆನ್ನು ನೋಡುತ್ತೇವೆ. ಅಂಗಡಿಯ ಚೀಟಿ, ಸುಂಕದ ಮುದ್ರೆ, ಚಾಕ್‌ಪೀಸಿನಲ್ಲಿ ಬರೆದ ನಂಬರು ಎಲ್ಲಾ ಅಲ್ಲೇ ಇರುತ್ತವೆ. ನಾಜಿಗಳು ಯಾವ ಮನೆಯಿಂದ ತಂದದ್ದೆಂದು ತಿಳಿಯಲು ಅಕ್ಷರ ಮತ್ತು ಅಂಕಿ ಹಾಕುತ್ತಿದ್ದರು. ರಾತ್‌ಶೀಲ್ಡ್ ಮನೆತನದ ವಸ್ತುಗಳಿಗೆ 'ಆರ್', ಮುಂದೆ ಒಂದು ಸಂಖ್ಯೆ.

ಹಳೆಯ ಕ್ಯಾನ್ವಾಸ್ ಸೋತಿದ್ದರೆ ಹಿಂದೆ ಇನ್ನೊಂದು ಬಟ್ಟೆ ಅಂಟಿಸುತ್ತಾರೆ. ಗುರುತು ಆ ಎರಡರ ನಡುವೆ ಮುಚ್ಚಿಹೋಗಬಹುದು. ನಿಮ್ಮ ಹುಡುಗಿ ಅಂಚಿನಲ್ಲಿ ಸ್ವಲ್ಪ ಬಿಚ್ಚಿ ನೋಡಲಿ. ಅನುಮತಿ ಇಲ್ಲದೆ ಬಿಚ್ಚಿದರೆ ಕೆಲಸಕ್ಕೇ ಕುತ್ತು, ಅಲ್ವಾ? ಪ್ರೀತಿಗಾಗಿ ಅವಳು ಎಷ್ಟು ದೂರ ಹೋಗುತ್ತಾಳೆ ಅನ್ನೋದು ಅಲ್ಲೇ ತಿಳಿಯುತ್ತದೆ.

ಇನ್ನೊಂದು. ಕೊಳೆ ತೆಗೆಯಲು ನಾವು ಎಷ್ಟೋ ಸಲ ಹತ್ತಿಗೆ ಎಂಜಲು ಹಚ್ಚಿಕೊಳ್ಳುತ್ತೇವೆ. ನಿಜವಾಗಿ! ಅಜ್ಜಿಯ ಚಿತ್ರಕ್ಕೆ ಎಂಜಲೇ ಅಂತ ಮೊಮ್ಮಗ ಕಿರುಚಲಿ. ಇಬ್ಬರೂ ನಕ್ಕಾರು.

ಮಿಲಾನ್‌ನಲ್ಲಿರುವ ಕನ್ನಡಿಗರು:
ಚಿತ್ರ ಎಲ್ಲಿ ಸಿಗಬೇಕು ಅಂತ ತಲೆ ಕೆಡಿಸಿಕೊಂಡಿದ್ದರೆ ಇಲ್ಲಿ ಹತ್ತಿರದ ಪಿಯಾಚೆಂಜಾ ಊರಿನ ಕಥೆ ಕೇಳಿ. ಅಲ್ಲಿನ ರಿಚ್ಚಿ ಒಡ್ಡಿ ಗ್ಯಾಲರಿಯಲ್ಲಿ ಆಸ್ಟ್ರಿಯಾದ ಚಿತ್ರಕಾರ ಕ್ಲಿಮ್ಟ್ ಬರೆದ ಹೆಂಗಸಿನ ಚಿತ್ರ ಒಂದಿತ್ತು. ಅದರ ಬಣ್ಣದ ಕೆಳಗೆ ಇನ್ನೊಂದು ಚಿತ್ರ ಅಡಗಿದೆ ಅಂತ 1996ರಲ್ಲಿ ಒಬ್ಬ ವಿದ್ಯಾರ್ಥಿನಿ ಗುರುತಿಸಿದಳು. ಮೊದಲು ಟೋಪಿ ಹಾಕಿದ್ದವಳ ಮೇಲೆ ಕ್ಲಿಮ್ಟ್ ಮತ್ತೆ ಬರೆದಿದ್ದ. ಅವಳು ಅವನ ಪ್ರೇಯಸಿ, ಸತ್ತುಹೋದಳು, ನೋವು ಮರೆಯಲು ಹಾಗೆ ಮಾಡಿದ ಅಂತ ಜನ ಹೇಳುತ್ತಾರೆ. ನಿಜವೋ ಸುಳ್ಳೋ, ಕಾದಂಬರಿಗೆ ಸಾಕು. 1997ರಲ್ಲಿ ಚಿತ್ರ ಕಳವಾಯಿತು. ಚೌಕಟ್ಟು ಛಾವಣಿ ಮೇಲೆ ಸಿಕ್ಕಿತು. 2019ರ ಡಿಸೆಂಬರಿನಲ್ಲಿ ಗ್ಯಾಲರಿಯ ಹೊರಗೋಡೆಯ ಬಳ್ಳಿ ಕೀಳುವಾಗ ಒಂದು ಲೋಹದ ಸಣ್ಣ ಬಾಗಿಲು ಕಂಡಿತು. ಒಳಗೆ ಚೀಲ, ಚೀಲದಲ್ಲಿ ಅದೇ ಚಿತ್ರ!

ಇಂಥ ಕಾದಂಬರಿಗಳನ್ನೇ ಓದುವವರು:
ಒಂದು ವಿನಂತಿ. ರೋಸ್ ವಲ್ಲಾಂ ಅವರನ್ನು ಇನ್ನೊಂದು ಪ್ರೇಮಕಥೆಗೆ ಎಳೆಯಬೇಡಿ. ನಾಜಿಗಳು ದೋಚಿದ ಚಿತ್ರಗಳನ್ನು ಕೂಡಿಡುತ್ತಿದ್ದ ಪ್ಯಾರಿಸ್‌ನ ಜ್ಯೂ ದ ಪೋಮ್ ಮ್ಯೂಸಿಯಂನಲ್ಲಿ ಜರ್ಮನ್ ಬಾರದವರ ಹಾಗೆ ಇದ್ದು, ಯಾವ ಪೆಟ್ಟಿಗೆ ಎಲ್ಲಿಗೆ ಹೋಯಿತು ಅಂತ ಗುಟ್ಟಾಗಿ ಬರೆದಿಟ್ಟ ದಿಟ್ಟೆ ಆಕೆ. ಆ ಟಿಪ್ಪಣಿಗಳು ಸುಳಿವಾಗಿ ಬರಲಿ, ಸಾಕು. ಮತ್ತೆ, ಸತ್ಯ ಒಪ್ಪಿಕೊಳ್ಳುವ ದೃಶ್ಯದಲ್ಲಿ ಮಳೆ ಬೇಡ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮಳೆ ತೆಗೆದೆ! ಕೊನೆಗೆ ಅವನಿಗೆ ಚಿತ್ರ ಸಿಗಲೇಬೇಕಾ?

ಧಾರಾವಾಹಿ ಬರೆದವರು:
ಸಿಗಲಿ. ಆದರೆ ಸಿಕ್ಕ ಮೇಲೆ ಪಾಲು ಕೇಳುವ ಬಂಧುಗಳು ಬರುತ್ತಾರಲ್ಲ? ನಾಜಿಗಳು ಕಸಿದುಕೊಂಡಿದ್ದ, ಕ್ಲಿಮ್ಟ್‌ನದ್ದೇ, ಅಡೆಲೆ ಎಂಬ ಹೆಂಗಸಿನ ಚಿತ್ರ ನೋಡಿ. ಆಸ್ಟ್ರಿಯಾ ಸರ್ಕಾರದ ವಿರುದ್ಧ ಹೋರಾಡಿ 2006ರಲ್ಲಿ ಅವಳ ಸೋದರಿಯ ಮಗಳು ಮರಿಯಾ ಆಲ್ಟ್‌ಮನ್ ಮತ್ತು ಉಳಿದ ವಾರಸುದಾರರು ವಾಪಸ್ ಪಡೆದರು. ಅದೇ ವರ್ಷ ಮಾರಾಟವಾಯಿತು. ಬೆಲೆ 13.5 ಕೋಟಿ ಡಾಲರ್ ಅಂತ ಪತ್ರಿಕೆಗಳಲ್ಲಿ ಬಂತು. ಹಲವರಿಗೆ ಸೇರಿದ ಚಿತ್ರವನ್ನು ಯಾರ ಮನೆಯಲ್ಲಿ ನೇತುಹಾಕೋದು? ಹರಾಜಿಗೆ ಹೋಗಲಿ. ಚಿತ್ರದ ಸ್ಥಿತಿ ಹೇಗಿದೆ ಎಂಬ ವರದಿ ಬರೆಯುವ ಕೆಲಸ ನಿಮ್ಮ ಹುಡುಗಿಗೇ ಬರಲಿ.

ಕೇಳಿದವರು:
ಅಯ್ಯೋ, ಇವನಿಗೊಬ್ಬಳು ಅಕ್ಕ ಇದ್ದಾಳೆ. ಮೂರನೇ ಅಧ್ಯಾಯದಲ್ಲಿ ಫೋನಿನಲ್ಲಿ ಮಾತ್ರ ಬರುತ್ತಾಳೆ. ಅವಳನ್ನು ಪ್ಯಾರಿಸ್‌ಗೆ ಕರೆಸುತ್ತೇನೆ.