ಕ್ಲಾಸಿಕ್ 350 ಸೈಲೆನ್ಸರ್ ಮನೆಯಲ್ಲೇ ಮಾಡಬೇಕು. ಸೌಂಡ್ ಬೇಕು, ಪಿಕಪ್ ಹೋಗಬಾರದು. ಮಾಡಿದವರು ಅನುಭವ ಹೇಳಿ

ಆಲೂರು ಹುಡುಗ:
ಎಲ್ಲರಿಗೂ ನಮಸ್ಕಾರ. ನನ್ನದು 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಕಾರ್ಬೋರೇಟರ್ ಗಾಡಿ. ಕಂಪನಿ ಸೈಲೆನ್ಸರ್ ಒಳಗಿಂದಲೇ ತುಕ್ಕು ಹಿಡಿದು ತಳ ತೂತಾಗಿದೆ. ಹೊಸದು ತರುವ ಬದಲು ಮನೆಯಲ್ಲೇ ಒಂದು ಮಾಡೋಣ ಅಂತಿದ್ದೇನೆ. ಗ್ರೈಂಡರ್ ಇದೆ, ಮಾವನ ಸಣ್ಣ ವೆಲ್ಡಿಂಗ್ ಮಷಿನ್ ಇದೆ. ಬಜೆಟ್ 5,000. ಗಡುಸಾದ ಡುಗ್ ಡುಗ್ ಬೇಕು, ಆದರೆ ಕಿವಿಗೆ ಹೊಡೆಯಬಾರದು. ದಿನಾ ಕೆಲಸಕ್ಕೆ ಹಾಸನ, ರಜೆ ಸಿಕ್ಕರೆ ಬಿಸಿಲೆ ಕಡೆ. ಏರಿನಲ್ಲಿ ಎಳೆತ ಕಡಿಮೆ ಆಗಬಾರದು. ಎಂಜಿನ್‌ನಿಂದ ಸೈಲೆನ್ಸರಿಗೆ ಬರುವ ಹಳೇ ಬೆಂಡ್ ಪೈಪ್ ಇಟ್ಟುಕೊಳ್ಳಲಾ, ಬದಲಿಸಲಾ? ಒಳಗೆ ಏನು ತುಂಬಬೇಕು?

ಬಿ.ಎಂ. ರೋಡ್ ಬುಲೆಟ್:
ತಮ್ಮಾ, ಎಸ್‌ಎಸ್ 304, ಅಂದರೆ ಸ್ಟೇನ್‌ಲೆಸ್ ಸ್ಟೀಲಿನಲ್ಲೇ ಮಾಡು, ಬೇರೆ ಯೋಚನೆ ಬೇಡ. ನನ್ನ ಲೆಕ್ಕ ಚೀಟಿ ಇನ್ನೂ ಇದೆ, ನೋಡಿಕೊಂಡೇ ಬರೆಯುತ್ತಿದ್ದೇನೆ. ಒಂದೂವರೆ ಎಂಎಂ ದಪ್ಪದ ಪೈಪ್ 1,350. ಎರಡು ಬೆಂಡ್ 640. ಒಳಗಿನ ತೂತಿನ ಶೀಟ್ 480. ಹೊರಗಿನ ಡಬ್ಬಕ್ಕೆ ಶೀಟ್ ಮತ್ತು ರೋಲಿಂಗ್ ಸೇರಿ 900. ಎರಡು ಕಡೆ ಮುಚ್ಚುವ ಪ್ಲೇಟ್, ಲೇಸರ್ ಕಟಿಂಗ್, 420. ಆರ್ಗಾನ್ ಗ್ಯಾಸಿನ ವೆಲ್ಡಿಂಗ್ 1,600. ಗ್ಲಾಸ್ ವುಲ್ 220. ಕಾಪರ್ ಗ್ಯಾಸ್ಕೆಟ್ 90. ಕ್ಲ್ಯಾಂಪ್, ಬ್ರಾಕೆಟ್, ಬೋಲ್ಟ್ 310. ಒಟ್ಟು 6,010, ಬಫಿಂಗ್ ಬಿಟ್ಟು. ಇದರ ಮೇಲೆ ಹಳೇ ಬೆಂಡ್ ಪೈಪ್ ಬಿಚ್ಚುವಾಗ ಎಂಜಿನ್ ಹೆಡ್‌ನಲ್ಲಿ ಪೈಪ್ ಹಿಡಿದಿರುವ ಸ್ಟಡ್ ಬೋಲ್ಟ್ ಮುರಿಯಿತು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಸಿದ್ದೆ, ಆದರೂ ಮುರಿಯಿತು. ಡ್ರಿಲ್ ಮಾಡಿಸಿ ಹೊಸ ಥ್ರೆಡ್ ಕೂರಿಸಲು 850. ಅದನ್ನು ಮಾಡುವವನು ಸಿಗಲು ಊರೆಲ್ಲ ಸುತ್ತಿದೆ.

ಆರ್ಗಾನ್ ಮಾಡಿದವನು ಪೈಪಿನ ಒಳಗೆ ಗ್ಯಾಸ್ ಬಿಡದೆ ಬರೀ ಹೊರಗಿಂದ ವೆಲ್ಡ್ ಮಾಡಿದ್ದ. ಒಳಗೆಲ್ಲ ಕಪ್ಪಗೆ ಗಂಟು ಗಂಟು. ಹೊರಗೆ ಮಾತ್ರ ಚೆಂದ. ಮತ್ತೆ ಕೊಯ್ದು ಮಾಡಿಸಿದೆ, ಅವನು ದುಡ್ಡು ಬಿಡಲಿಲ್ಲ. ನೀನು ವೆಲ್ಡ್ ಮಾಡಿಸುವಾಗ ಎದುರು ನಿಂತು ನೋಡು. ಈಗ ಮೂರನೇ ಗೇರಿನಲ್ಲಿ ಶಿರಾಡಿ ಹತ್ತುವಾಗ ಬರುವ ಸೌಂಡ್ ಇದೆಯಲ್ಲ, ಅದಕ್ಕೆ ಆ ದುಡ್ಡು ಸರಿಹೋಯಿತು.

ಮೂಡಿಗೆರೆ ಮಳೆ:
6,860 ಕೊಟ್ಟು ಮಾಡುವುದಾದರೆ ಮನೆಯಲ್ಲಿ ಮಾಡುವುದು ಯಾಕೆ ಮಾರಾಯ? ಎಂಎಸ್, ಅಂದರೆ ಮಾಮೂಲಿ ಕಬ್ಬಿಣದ ಪೈಪಿನಲ್ಲಿ ನನಗೆ 1,400ಕ್ಕೆ ಮುಗಿಯಿತು, ಬಿಸಿ ತಡೆಯುವ ಕಪ್ಪು ಪೇಂಟ್ 380 ಬೇರೆ. ಆರ್ಗಾನ್ ಬೇಡ, ಮನೆಯ ವೆಲ್ಡಿಂಗ್ ಮಷಿನ್ ಸಾಕು. ಕೆಟ್ಟರೆ ಅದೇ ಮಷಿನ್‌ನಲ್ಲಿ ಮತ್ತೆ ಹಚ್ಚಬಹುದು, ಯಾರ ಕಾಲನ್ನೂ ಹಿಡಿಯಬೇಕಿಲ್ಲ.

ನಮ್ಮ ಮಳೆಗೆ ತುಕ್ಕು ಬರುತ್ತದೆ, ಹೌದು. ಆದರೆ ಮಳೆ ನೀರಿಗಿಂತ ಒಳಗಿನ ನೀರು ದೊಡ್ಡ ಶತ್ರು. ಪೆಟ್ರೋಲ್ ಉರಿದಾಗ ನೀರಿನ ಆವಿ ಬರುತ್ತದೆ, ಸೈಲೆನ್ಸರ್ ಪೂರ್ತಿ ಬಿಸಿಯಾಗುವ ಮೊದಲೇ ಗಾಡಿ ನಿಲ್ಲಿಸಿದರೆ ಅದು ತಳದಲ್ಲಿ ನೀರಾಗಿ ನಿಲ್ಲುತ್ತದೆ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅಂತ ಓಡಿಸುವವರ ಸೈಲೆನ್ಸರ್ ಬೇಗ ತೂತಾಗುವುದು ಇದಕ್ಕೇ. ಎಲ್ಲಕ್ಕಿಂತ ತಗ್ಗಾದ ಜಾಗದಲ್ಲಿ 3 ಎಂಎಂ ತೂತು ಕೊರೆದೆ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಅಲ್ಲಿಂದ ನೀರು ತೊಟ್ಟಿಕ್ಕುತ್ತದೆ. ಸೌಂಡಿಗೆ ಏನೂ ಆಗಿಲ್ಲ.

ಒಂದು ಮಾತು, ಸತು ಲೇಪಿಸಿದ ಜಿಐ ಪೈಪ್ ಮಾತ್ರ ಮುಟ್ಟಬೇಡಿ. ಪ್ಲಂಬಿಂಗ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ನಮ್ಮ ಪಕ್ಕದ ಮನೆಯವರು ತಂದು ವೆಲ್ಡ್ ಮಾಡಿದರು. ಮೇಲಿನ ಸತು ಸುಟ್ಟು ಬಿಳಿ ಹೊಗೆ. ಸಂಜೆಗೆ ಚಳಿ ಜ್ವರ, ಎದೆ ಬಿಗಿತ. ಆಸ್ಪತ್ರೆ ಖರ್ಚಿನಲ್ಲಿ ಎರಡು ಸೈಲೆನ್ಸರ್ ಬರುತ್ತಿತ್ತು.

ಬಿ.ಎಂ. ರೋಡ್ ಬುಲೆಟ್:
ಎಂಎಸ್ ಹಾಕಿ ಪ್ರತಿ ಮಳೆಗಾಲ ಪೇಂಟ್ ಹೊಡೆಯುತ್ತಾ ಕೂರುವುದಾದರೆ ಹೊಡೆಯಿರಿ. ನನ್ನ ಪೈಪಿನ ಮೇಲೆ ಒಂದು ಚುಕ್ಕೆ ತುಕ್ಕಿಲ್ಲ. ಪೈಪಿಗೇ ತೂತು ಕೊರೆದು ನೀರು ಬಿಡುವುದನ್ನು ಹೆಮ್ಮೆಯಿಂದ ಹೇಳುತ್ತೀರಲ್ಲ.

ಮೂಡಿಗೆರೆ ಮಳೆ:
ಕಂಪನಿಯವರೂ ಎಷ್ಟೋ ಸೈಲೆನ್ಸರ್‌ಗಳಿಗೆ ಅದೇ ತೂತು ಇಟ್ಟಿರುತ್ತಾರೆ. ಬಗ್ಗಿ ನೋಡಿ ಮೊದಲು.

ಐ.ಜಿ. ರೋಡ್ ಆರ್‌ಎಕ್ಸ್:
ಎಸ್‌ಎಸ್, ಎಂಎಸ್ ಅಂತ ಜಗಳ ಆಡುವವರು ಯಾರೂ ಪವರ್ ಬಗ್ಗೆ ಮಾತೇ ಎತ್ತಿಲ್ಲ. ಸೈಲೆನ್ಸರ್ ಅಂದರೆ ಏನು ಅಂತ ಕಲಿಯಬೇಕಾದರೆ ಟೂ ಸ್ಟ್ರೋಕ್‌ಗೆ ಒಂದು ಮಾಡಿ ನೋಡಬೇಕು. ನನ್ನದು ಆರ್‌ಎಕ್ಸ್ 100, 98 ಸಿಸಿ, 11 ಎಚ್‌ಪಿ. ಅದರ ಅರ್ಧ ಜೀವ ಇರುವುದೇ ಸೈಲೆನ್ಸರಿನಲ್ಲಿ. ಮೊದಲ ಕೋನ್ ಅಗಲ ಆಗುತ್ತಾ ಹೋಗುವಾಗ ಒಂದು ಅಲೆ ಹಿಂದಕ್ಕೆ ಬಂದು ಸಿಲಿಂಡರಿನಿಂದ ಹೊಗೆ ಎಳೆಯುತ್ತದೆ. ಕೊನೆಯ ಕೋನ್ ಕಿರಿದಾಗುವಾಗ ಇನ್ನೊಂದು ಅಲೆ ಬಂದು, ಹೊರಗೆ ಜಾರಿದ ಹೊಸ ಪೆಟ್ರೋಲ್ ಗಾಳಿಯನ್ನು ಮತ್ತೆ ಒಳಗೆ ತಳ್ಳುತ್ತದೆ. ಕೋನ್ ಸ್ವಲ್ಪ ಕುಳ್ಳಗಾದರೂ ಪವರ್ ಬರುವ ಆರ್‌ಪಿಎಂ ಬೇರೆ ಕಡೆ ಹೋಗುತ್ತದೆ.

ಒಂದು ಎಂಎಂ ಶೀಟಿನಲ್ಲಿ ಎಲ್ಲಾ ಕೋನ್ ಕೈಯಲ್ಲೇ ಮಡಚಿದ್ದೇನೆ. ಮೊದಲು ರಟ್ಟಿನಲ್ಲಿ ಕತ್ತರಿಸಿ, ಕೂರುತ್ತದಾ ನೋಡಿ, ಆಮೇಲೆ ತಗಡು. ಶೀಟ್ 750, ವೆಲ್ಡಿಂಗ್ ರಾಡ್ 160, ಕಟಿಂಗ್ ವೀಲ್ 240. ಒಂದು ಕೋನ್ ವೆಲ್ಡ್ ಬಿಸಿಗೆ ಸೊಟ್ಟಗಾಗಿ ಫುಟ್‌ರೆಸ್ಟಿಗೆ ತಗುಲಿತು, ಅದನ್ನು ಬಿಸಾಕಿದೆ, ಆ ಶೀಟಿಗೆ ಮತ್ತೆ 300. ಕೈಮರದಿಂದ ಮೇಲೆ ಮುಳ್ಳಯ್ಯನಗಿರಿಗೆ ಈಗ ಯಾರ ಬುಲೆಟ್ಟೂ ನನ್ನ ಮುಂದೆ ನಿಲ್ಲುವುದಿಲ್ಲ.

ಬಿ.ಎಂ. ರೋಡ್ ಬುಲೆಟ್:
ಕೇಳಿದ್ದು ಫೋರ್ ಸ್ಟ್ರೋಕ್ 350ಗೆ. ಕೋನ್ ಕಥೆ ಇಲ್ಲಿ ಯಾಕೆ?

ಐ.ಜಿ. ರೋಡ್ ಆರ್‌ಎಕ್ಸ್:
ಅಲೆ ಎರಡಕ್ಕೂ ಇದೆ ಸ್ವಾಮಿ. ಗೊತ್ತಿಲ್ಲದಿದ್ದರೆ ಕೇಳಿ, ತಡೆಯಬೇಡಿ.

ಭೌತಶಾಸ್ತ್ರ ಮೇಡಂ:
ಆರ್‌ಎಕ್ಸ್‌ನವರು ಹೇಳಿದ್ದು ಸರಿ. ಫೋರ್ ಸ್ಟ್ರೋಕ್‌ನಲ್ಲೂ ಎಕ್ಸಾಸ್ಟ್ ವಾಲ್ವ್ ತೆರೆದಾಗ ಒಂದು ಒತ್ತಡದ ಅಲೆ ಪೈಪಿನ ತುದಿಗೆ ಓಡುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಬಿಸಿ ಹೊಗೆಯಲ್ಲಿ ಅದು 500 ದಾಟುತ್ತದೆ. ತುದಿ ಮುಟ್ಟಿದ ಅಲೆ ಎಳೆಯುವ ಅಲೆಯಾಗಿ ವಾಪಸ್ ಬರುತ್ತದೆ. ಎರಡು ವಾಲ್ವೂ ಸ್ವಲ್ಪ ತೆರೆದಿರುವ ಗಳಿಗೆಗೆ ಅದು ಬಂದು ಸೇರಿದರೆ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ. ಪೈಪ್ ಕುಳ್ಳ ಮಾಡಿದರೆ ಅಲೆ ಬೇಗ ಬರುತ್ತದೆ, ಅದರ ಲಾಭ ಜಾಸ್ತಿ ಆರ್‌ಪಿಎಂನಲ್ಲಿ ಮಾತ್ರ. ಕ್ಲಾಸಿಕ್ 350ರ 28 ಎನ್‌ಎಂ ಟಾರ್ಕ್ ಬರುವುದು 4000 ಆರ್‌ಪಿಎಂಗೆ. ನಾವು ಏರಿನಲ್ಲಿ ಓಡಿಸುವುದು ಅದಕ್ಕೂ ಕೆಳಗೆ. ಅಲ್ಲಿಯೇ ಎಳೆತ ಕಳೆದುಕೊಂಡು, ಸೌಂಡ್ ಜಾಸ್ತಿ ಆದ್ದರಿಂದ ಪವರ್ ಬಂತು ಅಂತ ಎಷ್ಟು ಜನ ಹೇಳುವುದನ್ನು ಕೇಳಿದ್ದೇನೆ! ಕಿವಿ ಮೋಸ ಮಾಡುತ್ತದೆ. ಒಂದೇ ಏರು, ಒಂದೇ ಗೇರು, ಒಂದೇ ಗುರುತಿನಿಂದ ಇನ್ನೊಂದು ಗುರುತಿಗೆ ಎಷ್ಟು ಸೆಕೆಂಡ್ ಅಂತ ಅಳೆಯಿರಿ.

ಅಪ್ಪನ ಕ್ಲಾಸಿಕ್‌ಗೆ ನಾನೇ ಮಾಡಿದ್ದು ಇದು. ಉದ್ದ ಕಂಪನಿಯದರಷ್ಟೇ ಇಟ್ಟೆ. ಒಳಗೆ ನೇರವಾದ ತೂತಿನ ಪೈಪ್, ಸುತ್ತ ಮೊದಲು ಸ್ಟೀಲ್ ವುಲ್, ಅದರ ಮೇಲೆ ಗ್ಲಾಸ್ ವುಲ್. ಗ್ಲಾಸ್ ವುಲ್ ನೇರ ಹೊಗೆಗೆ ತಗುಲಿದರೆ ಪುಡಿಯಾಗಿ ಹೊರಗೆ ಹಾರಿಹೋಗುತ್ತದೆ, ಅದಕ್ಕೆ ಸ್ಟೀಲ್ ವುಲ್. ವುಲ್ ಚೀರುವ ಶಬ್ದವನ್ನು ಕುಡಿಯುತ್ತದೆ, ಗಡುಸು ಶಬ್ದವನ್ನು ಬಿಡುತ್ತದೆ. 1000 ಆರ್‌ಪಿಎಂ ಐಡಲ್‌ನಲ್ಲಿ ಒಂದು ಸಿಲಿಂಡರ್ ಸೆಕೆಂಡಿಗೆ ಸುಮಾರು 8 ಸಲ ಹೊಡೆಯುತ್ತದೆ. ನಿಮಗೆ ಬೇಕಾದ ಡುಗ್ ಡುಗ್ ಅದೇ ಅಲ್ವಾ, ಅದು ಉಳಿಯುತ್ತದೆ. ತುದಿಗೆ ಬಿಚ್ಚಿ ಹಾಕುವಂಥ ಸಣ್ಣ ಡಿಬಿ ಕಿಲ್ಲರ್, ಅಂದರೆ ಸೌಂಡ್ ತಗ್ಗಿಸುವ ತುಂಡು. ಅದರ ಬೋಲ್ಟ್ ಅಲುಗಾಟಕ್ಕೆ ಸಡಿಲವಾಗಿ, ಬೇಲೂರು ರಸ್ತೆಯಲ್ಲಿ ಎಲ್ಲೋ ಬಿದ್ದುಹೋಯಿತು. ಹೊಸದಕ್ಕೆ 450, ಬೋಲ್ಟಿಗೆ ಈಗ ತಂತಿ ಕಟ್ಟಿದ್ದೇನೆ. ವುಲ್ ಮುಟ್ಟುವಾಗ ಕೈಗವಸು, ಮಾಸ್ಕ್ ಹಾಕಿಕೊಳ್ಳಿ, ಮೈಯೆಲ್ಲ ತುರಿಕೆ ಬರುತ್ತದೆ.

ಸಕಲೇಶಪುರ ತೋಟ:
ಲೆಕ್ಕ ಎಲ್ಲಾ ಸರಿ ಮೇಡಂ. ಆದರೆ ಗಾಡಿ ಓಡುವುದು ಎಲ್ಲಿ? ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆ ಯಾವ ತಿರುವಿನಲ್ಲಿ ನಿಂತಿರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ನಾನೂ ಹೊಗೆಗೆ ತಡೆ ಕಡಿಮೆ ಇರುವ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿದ್ದೆ, 3,200 ಕೊಟ್ಟು. ಬೆಳಗಿನ ಜಾವ ತೋಟದ ರಸ್ತೆಯಲ್ಲಿ ನನ್ನ ಸೌಂಡಿಗೆ ಮುಂದೆ ಪೊದೆಯಲ್ಲಿ ಕೊಂಬೆ ಮುರಿಯುವುದು ನನಗೇ ಕೇಳಲಿಲ್ಲ. ಹಿಂದೆ ಕುಳಿತವನು ಭುಜ ಹಿಡಿದು ಎಳೆದ ಮೇಲೆ ನಿಲ್ಲಿಸಿದೆ. ಇಪ್ಪತ್ತು ಅಡಿ ಮುಂದೆ ದಾಟಿತು. ಆ ಸೈಲೆನ್ಸರ್ ಕೊಳ್ಳಲು ಬಂದವನು 600 ಕೇಳಿದ. ಕೊಡಲಿಲ್ಲ, ಗುಜರಿಗೆ ಹಾಕಿದೆ. ನಮ್ಮ ಕಡೆ ಕಿವಿ ತೆರೆದಿಟ್ಟು ಓಡಿಸಬೇಕು.

ಐ.ಜಿ. ರೋಡ್ ಆರ್‌ಎಕ್ಸ್:
ತೋಟದವರ ಜೀಪುಗಳಿಗೆ ಸೈಲೆನ್ಸರ್ ಇದೆಯಾ ಸಾರ್? ಗಿರಿಗೆ ಟೂರಿಸ್ಟ್ ತುಂಬಿಕೊಂಡು ಹೋಗುವ ಜೀಪ್ ಸೌಂಡಿಗೆ ಆನೆ ಓಡಿಹೋಗುತ್ತದಾ, ನಮ್ಮ ಬೈಕ್‌ಗೆ ಮಾತ್ರ ನಿಂತು ನೋಡುತ್ತದಾ?

ಸಕಲೇಶಪುರ ತೋಟ:
ನನ್ನ ಜೀಪ್ ಟೂರಿಸ್ಟ್ ಹತ್ತಿಸಿಲ್ಲ, ಹತ್ತಿಸುವುದೂ ಇಲ್ಲ. ಗೊಬ್ಬರದ ಮೂಟೆ ಹೊರುತ್ತದೆ. ಕಾಫಿ ಕುಯ್ಯಲು ಬರುವ ಹೆಂಗಸರು ಬೆಳಗ್ಗೆ ಅದೇ ರಸ್ತೆಯಲ್ಲಿ ನಡೆದು ಬರುತ್ತಾರೆ. ನೀವು ರಟ್ಟು ಕತ್ತರಿಸಿ ಮಾಡಿದ ಪೀಪಿಯ ಸೌಂಡಿಗೆ ಗಾಬರಿಯಾದ ಆನೆ ಅವರ ಕಡೆ ತಿರುಗಿದರೆ ಯಾರು ಹೊಣೆ?

ಐ.ಜಿ. ರೋಡ್ ಆರ್‌ಎಕ್ಸ್:
ಪೀಪಿ ಅಂದಿರಾ? ಒಂದು ಸಲ ಓಡಿಸಿ ನೋಡಿ ಆಮೇಲೆ ಮಾತಾಡಿ.

ಕಡೂರು ಬಿಎಸ್6:
ಜೀಪ್ ಜಗಳ ಆಮೇಲೆ ಆಡಿ. ಹೊಸ ಗಾಡಿ ಇರುವವರು ಇದನ್ನು ಓದಿಕೊಳ್ಳಿ. ಒಂದು ಅಂಗಡಿಯಲ್ಲಿ, ಹೊಗೆಯ ವಿಷ ತಗ್ಗಿಸುವ ಕ್ಯಾಟ್‌ಕಾನ್ ತೆಗೆದರೆ ಗಾಡಿ ಹಾರುತ್ತದೆ ಅಂದರು. ಪೈಪ್ ಕೊಯ್ದು ಕ್ಯಾಟ್‌ಕಾನ್ ತೆಗೆದರು, ಖಾಲಿ ಪೈಪ್ ವೆಲ್ಡ್ ಮಾಡಿದರು, 2,500 ತೆಗೆದುಕೊಂಡರು. ತೆಗೆದದ್ದನ್ನು ವಾಪಸ್ ಕೊಡಲಿಲ್ಲ. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ, ಗುಜರಿಯವರು ಒಳ್ಳೆ ರೇಟಿಗೆ ಕೊಳ್ಳುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಕೇಳಲು ಹೋದರೆ ಬಿಸಾಕಿದೆವು ಅಂದರು.

ಅಷ್ಟಕ್ಕೇ ಮುಗಿಯಲಿಲ್ಲ. ಗಾಡಿಯ ಮೇಲೆ ಇದ್ದಂತೆಯೇ ವೆಲ್ಡ್ ಮಾಡಿದ್ದಾರೆ, ಬ್ಯಾಟರಿ ವಯರ್ ಕೂಡ ತೆಗೆದಿಲ್ಲ. ಆಕ್ಸಿಜನ್ ಸೆನ್ಸರ್ ವಯರ್ ಸುಟ್ಟಿತು. ಮೀಟರಿನಲ್ಲಿ ಎಂಜಿನ್ ಲೈಟ್ ಹತ್ತಿಕೊಂಡೇ ಇತ್ತು. ಸೆನ್ಸರ್ 4,200, ಹಾಕುವ ಕೂಲಿ 350, ಚೆಕ್ ಮಾಡಿದ್ದಕ್ಕೆ 500. ಎಮಿಷನ್ ಟೆಸ್ಟಿನಲ್ಲಿ ಫೇಲ್. ಕೊನೆಗೆ ಪೂರ್ತಿ ಕಂಪನಿ ಸೈಲೆನ್ಸರ್ ಕೊಂಡೆ, ಆ ಬಿಲ್ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ವೆಲ್ಡಿಂಗ್ ಏನೇ ಇದ್ದರೂ ಸೈಲೆನ್ಸರ್ ಬಿಚ್ಚಿ ಕೆಳಗಿಟ್ಟು ಮಾಡಿ.

ದಂಡ ಕಟ್ಟಿದವನು:
ಕಾನೂನು ಯಾರೂ ಹೇಳಲಿಲ್ಲ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 190(2)ರಲ್ಲಿ ಶಬ್ದ ಮಾಲಿನ್ಯಕ್ಕೆ 10,000ದವರೆಗೆ ದಂಡ, ಇಲ್ಲಾ ಮೂರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಮೂರು ತಿಂಗಳು ಲೈಸೆನ್ಸೂ ಹೋಗುತ್ತದೆ. ಗಾಡಿ ಬದಲಾಯಿಸಿದ್ದಕ್ಕೆ 182ಎ ಬೇರೆ ಇದೆ. ನನ್ನದು ಜಾಸ್ತಿ ಸೌಂಡೇ ಇರಲಿಲ್ಲ. ಆದರೂ ಹಿಡಿದವರು ಮೀಟರ್ ಇಟ್ಟು ಅಳೆಯಲಿಲ್ಲ, ಕಿವಿಯಲ್ಲಿ ಕೇಳಿಯೇ ಬರೆದರು. ಸೈಲೆನ್ಸರ್ ಅಲ್ಲೇ ಬಿಚ್ಚಿಸಿದರು. ದಂಡ, ಗಾಡಿ ತುಂಬಿಸಿ ತಂದ ಆಟೋ 700, ಎರಡು ದಿನದ ಸಂಬಳ.

ಭೌತಶಾಸ್ತ್ರ ಮೇಡಂ:
175 ಸಿಸಿ ಮೇಲಿನ ಬೈಕ್ ಕಂಪನಿಯಿಂದ ಬರುವಾಗ ಮಿತಿ 80 ಡೆಸಿಬಲ್. ಮೂರು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಎರಡು ಪಟ್ಟು. ಜಾಸ್ತಿ ಇರಲಿಲ್ಲ ಅಂತ ನೀವೂ ಕಿವಿಯಲ್ಲೇ ಹೇಳುತ್ತಿದ್ದೀರಿ.

ದಂಡ ಕಟ್ಟಿದವನು:
ನಾನು ದುಡ್ಡು ಕಟ್ಟಿ ಹೇಳುತ್ತಿದ್ದೇನೆ ಮೇಡಂ, ಪಾಠ ಬೇಡ.

ಆಲೂರು ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಮನೆ ಹಿಂದೆಯೂ ಆನೆ ಬರುತ್ತದೆ, ಅದಕ್ಕೇ ಕಿವಿಗೆ ಹೊಡೆಯಬಾರದು ಅಂದಿದ್ದು. ಹಳೇ ಬೆಂಡ್ ಪೈಪ್ ಇಟ್ಟುಕೊಳ್ಳಲಾ ಅನ್ನುವುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಮೂಡಿಗೆರೆ ಮಳೆ:
ತೂತಿಲ್ಲದಿದ್ದರೆ ಇಟ್ಟುಕೋ. ಬಿಚ್ಚಲೇಬೇಡ, ಸ್ಟಡ್ ಮುರಿಯುತ್ತದೆ, ಮೇಲೆ ಒಬ್ಬರು 850 ಕಟ್ಟಿದ್ದಾರೆ.

ಬಿ.ಎಂ. ರೋಡ್ ಬುಲೆಟ್:
ಬಿಚ್ಚದೆ ಗ್ಯಾಸ್ಕೆಟ್ ಬದಲಿಸುವುದು ಹೇಗೆ? ಹತ್ತು ವರ್ಷದ ಗ್ಯಾಸ್ಕೆಟ್ ಅದು. ಅಲ್ಲಿ ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಹೋಗಿ, ಥ್ರಾಟಲ್ ಬಿಟ್ಟಾಗಲೆಲ್ಲ ಪಟಾಕಿ. ಜನ ಅದನ್ನು ಪೆಟ್ರೋಲ್ ಬಿಡುವ ಜೆಟ್ಟಿನ ದೋಷ ಅಂತ ಕಾರ್ಬೋರೇಟರ್ ಬಿಚ್ಚುತ್ತಾ ಕೂರುತ್ತಾರೆ. ಎಂಜಿನ್ ಸ್ವಲ್ಪ ಬೆಚ್ಚಗಿದ್ದಾಗ ನಿಧಾನಕ್ಕೆ ಬಿಚ್ಚು, ಎಣ್ಣೆ ಹಾಕಿ ಒಂದು ರಾತ್ರಿ ಬಿಡು.

ಮೂಡಿಗೆರೆ ಮಳೆ:
ಎಣ್ಣೆ ಹಾಕಿ ಬಿಟ್ಟೇ ನಿಮ್ಮದು ಮುರಿದಿದ್ದು ಅಲ್ವಾ?

ಐ.ಜಿ. ರೋಡ್ ಆರ್‌ಎಕ್ಸ್:
ತಮ್ಮಾ, ಸೈಲೆನ್ಸರ್ ಹಾಕಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡು. ಬಿಳಿ ಇದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕು. ಕಾಫಿ ಬಣ್ಣ ಇದ್ದರೆ ಸರಿ. ಮಸಿ ಇದ್ದರೆ ಜಾಸ್ತಿಯಾಗಿದೆ. ನೋಡುವುದು ಊರಲ್ಲೇ ನೋಡು. ಚಾರ್ಮಾಡಿ ಇಳಿದು ಉಜಿರೆಯಲ್ಲಿ ನೋಡಿ ಜೆಟ್ ಹಾಕಿದರೆ ಮೇಲೆ ಕೊಟ್ಟಿಗೆಹಾರಕ್ಕೆ ಬಂದಾಗ ಗಾಳಿ ತೆಳು, ಮಸಿ ಹಿಡಿಯುತ್ತದೆ.

ಕಡೂರು ಬಿಎಸ್6:
ಆ ಹಳೇ ಕಂಪನಿ ಸೈಲೆನ್ಸರನ್ನು ಗುಜರಿಗೆ ಕೊಡುವ ಮೊದಲು ಕೊಯ್ದು ಒಳಗೆ ಏನಿದೆ ನೋಡಪ್ಪಾ. ಕ್ಯಾಟ್‌ಕಾನ್ ಇದ್ದರೆ ತೂಕಕ್ಕೆ ಕೊಡಬೇಡ.

ಸಕಲೇಶಪುರ ತೋಟ:
ಹಳೆಯದನ್ನು ಕೊಯ್ಯಬೇಡ ಹುಡುಗಾ. ತಳಕ್ಕೆ ಒಂದು ತಗಡು ಹಚ್ಚಿ ವೆಲ್ಡ್ ಮಾಡಿ ಅದನ್ನೇ ಓಡಿಸು, 200 ರೂಪಾಯಿ ಖರ್ಚು.

ಬಿ.ಎಂ. ರೋಡ್ ಬುಲೆಟ್:
ಒಳಗಿಂದ ತುಕ್ಕು ತಿಂದ ತಗಡಿನ ಮೇಲೆ ವೆಲ್ಡ್ ನಿಲ್ಲುತ್ತದಾ ಸಾರ್? ಹಚ್ಚಿದ ಕಡೆ ಪಕ್ಕಕ್ಕೇ ಇನ್ನೊಂದು ತೂತಾಗುತ್ತದೆ. ನಿಮ್ಮ ಜೀಪಿಗೆ ಹಾಗೇ ಮಾಡಿದ್ದೀರಾ?

ಸಕಲೇಶಪುರ ತೋಟ:
ಮಾಡಿದ್ದೇನೆ. ನಿಂತಿದೆ. ಬಂದು ನೋಡಿ.